ಏಳು ಮನೆಗಳ ಗುರುವಾರದ ಪದ್ಯ

ನನ್ನ ಮೈದುನ ಭವತೋಷ ಲಾಹಿರಿ ಮೂವತ್ತು ವರ್ಷ ಪತ್ರಿಕೆಗಳಿಗೆ ಬರೆದ, ಹನ್ನೊಂದು ಕಾದಂಬರಿ ಬರೆದ, ಮೂರು ಸಲ ಜೈಲಿಗೆ ಹೋಗಿಬಂದ. ಆ ಹನ್ನೊಂದರ ಪೈಕಿ ನಾಲ್ಕನೆಯದರಲ್ಲಿ ನಾನಿದ್ದೇನೆ. ಕ್ಷಾಮದ ವರ್ಷ ಹಳ್ಳಿಯ ಮಕ್ಕಳು ಅಂಗಳದಲ್ಲಿ ಗಂಜಿನೀರಿಗೆ ಬೋಗುಣಿ ಹಿಡಿದು ನಿಂತಿರುವಾಗ, ಒಳಗೆ ತೂಗಾಡುತ್ತ ಕೂತು ಲಕ್ಷ್ಮೀಪದ್ಯ ಓದುವ ದಪ್ಪ ವಿಧವೆಯೊಬ್ಬಳು ಬರುತ್ತಾಳಲ್ಲ, ಅವಳು ನಾನೇ. ಹೆಸರು ಬೇರೆ ಇಟ್ಟಿದ್ದ, ಅಷ್ಟೆ. ಎಡಗೆನ್ನೆಯ ಮಚ್ಚೆ ನನ್ನದು, ಕನ್ನಡಕದ ಮುರಿದ ಕಡ್ಡಿಗೆ ಸುತ್ತಿದ ಕೆಂಪು ದಾರ ನನ್ನದು. ಒಂಬತ್ತು ವರ್ಷಕ್ಕೆ ತಾಯಿಯನ್ನು ಕಳೆದುಕೊಂಡ ಅವನಿಗೆ ಅನ್ನ ಕಲಸಿ ತಿನ್ನಿಸಿದ ಕೈಯೂ ನನ್ನದೇ. ಅದನ್ನು ಮಾತ್ರ ಅವನು ಬರೆದಿರಲಿಲ್ಲ.

ಆಗ ನಾನು ಏನೂ ಅನ್ನಲಿಲ್ಲ. ನನ್ನ ತಂದೆ ಊರೂರು ತಿರುಗಿ ಪುರಾಣದ ಪದ್ಯ ಹಾಡಿ ಕಥೆ ಹೇಳುತ್ತಿದ್ದವರು. ಅಕ್ಷರ ಕಲಿಯುವ ಮೊದಲೇ ನನ್ನ ಕಿವಿ ಕಲಿತಿತ್ತು. ಕೇಳುತ್ತ ಬೆಳೆದವರಿಗೆ ಬಾಯಿ ತಡವಾಗಿ ಬರುತ್ತದೆ. ಗಂಡ ಸತ್ತ ಮೇಲೂ ಮೈದುನನ ಮನೆಯಲ್ಲೇ ಉಳಿದೆ. ಅವನು ಮದುವೆಯಾಗಲಿಲ್ಲ. ಮುಂದಿನ ಕೋಣೆಯಲ್ಲಿ ಅವನ ಪುಸ್ತಕ, ಬೀಡಿ, ವಾದ ಮಾಡುವ ಗೆಳೆಯರು; ಹಿಂದಿನ ಕೋಣೆಯಲ್ಲಿ ನನ್ನ ದೇವರು. ಗುರುವಾರ ನಮ್ಮ ಕಡೆ ಲಕ್ಷ್ಮಿಯ ವಾರ, ಅಂದು ಸಂಜೆ ನಾನು ಪದ್ಯಕ್ಕೆ ಕೂತರೆ ನಡುವಿನ ಬಾಗಿಲನ್ನು ದಢಾರನೆ ಹಾಕಿಕೊಳ್ಳುತ್ತಿದ್ದ.

ನಾನು ಹೇಳಹೊರಟಿರುವುದು ತುರ್ತು ಪರಿಸ್ಥಿತಿಯ ಎರಡನೆಯ ವರ್ಷದ ಮಾತು. ನಮ್ಮದು ಬಂಗಾಳದಲ್ಲಿ ಗಂಗೆಯ ದಡದ ಕಾಶಿಡಾಂಗಾ, ಸೆಣಬಿನ ಗಿರಣಿಯ ಸೈರನ್ನಿಗೆ ಏಳುವ, ಮಲಗುವ ಪೇಟೆ. ಶ್ರಾವಣದಲ್ಲಿ ಗಿರಣಿಯ ಬಾಗಿಲು ಮುಚ್ಚಿದರು. ಬಾಗಿಲ ಮುಂದೆ ಕೂತು ಯಾಕೆಂದು ಕೇಳಿದ ಏಳು ಕೆಲಸಗಾರರನ್ನು ಪೊಲೀಸರ ಕರಿ ವ್ಯಾನು ಎತ್ತಿಕೊಂಡು ಹೋಯಿತು. ಮಾರನೆಯ ಬೆಳಿಗ್ಗೆ ಹೊಳೆಯಾಚೆಯ ಇಟ್ಟಿಗೆ ಗೂಡಿನ ಕಡೆಯಿಂದ ಗುಂಡಿನ ಸದ್ದು ಕೇಳಿಸಿತು. ಮೀನುಗಾರರು ಎಣಿಸಿದ್ದರು, ಏಳು. ಠಾಣೆಯಲ್ಲಿ ಕೇಳಿದರೆ, ಯಾರನ್ನೂ ಹಿಡಿದೇ ಇಲ್ಲ, ಏಳೂ ಜನ ತಲೆಮರೆಸಿಕೊಂಡಿದ್ದಾರೆ ಎಂದು ಕಾಗದ ತೋರಿಸಿದರು. ಕಾಗದದ ಕೆಳಗೆ ಠಾಣೆಯ ಅಧಿಕಾರಿ, ದಾರೋಗಾ ಮೃಗಾಂಕ ಹಾಟಿಯ ರುಜು. ನಮ್ಮ ಪಕ್ಕದ ಮನೆಯಲ್ಲೇ ಬಾಡಿಗೆಗಿದ್ದವನು. ಅವನ ಹೆಂಡತಿ ಚಪಲಾ ನನ್ನನ್ನು ಮಾಶಿಮಾ, ಅಂದರೆ ಚಿಕ್ಕಮ್ಮ, ಎಂದು ಕರೆದು, ನಾನು ಮಾಡಿದ ಎಳ್ಳುಂಡೆಯನ್ನು ಗೋಡೆಯ ಮೇಲಿಂದ ಈಸಿಕೊಳ್ಳುತ್ತಿದ್ದಳು.

ಆ ಏಳರಲ್ಲಿ ಒಬ್ಬ ನಿತಾಯಿ. ಅವನ ಹೆಂಡತಿ ಆಲೋಮಣಿ ನಮ್ಮ ಮನೆಯಲ್ಲೂ ದಾರೋಗಾನ ಮನೆಯಲ್ಲೂ ಪಾತ್ರೆ ತೊಳೆಯುತ್ತಿದ್ದಳು. ಒಂದು ದಿನ ಬೂದಿಯ ಕೈಯಲ್ಲೇ ಮುಂದಿನ ಕೋಣೆಯ ಬಾಗಿಲಿಗೆ ಬಂದು ನಿಂತಳು.

"ದಾದಾಬಾಬು, ನೀವು ಪೇಪರಲ್ಲಿ ಬರೀತೀರಂತೆ."

"ಬರೀತೀನಿ."

"ಅವರ ಹೆಸರು ಹಾಕಿ. ಬೇರೇನೂ ಬೇಡ. ನಿತಾಯಿ ಅಂತ ಒಬ್ಬ ಇದ್ದ ಅಂತ. ಆ ಕಾಗದಾನೂ ಈಗ ತೋರಿಸಲ್ಲ, ಠಾಣೆಯಲ್ಲಿ ಹೇಳ್ತಾರೆ, ಹಂಗೊಬ್ಬ ಇದ್ದ ಅನ್ನೋಕೆ ಏನು ಗುರುತು ಅಂತ. ಕೈಗೆ ಮುತ್ತೈದೆ ಹಾಕೋ ಶಂಖದ ಬಳೆ ಹಾಕ್ಕೊಂಡಿದೀನಿ, ಇದು ಗುರುತಲ್ವಾ ಅಂದೆ. ನಕ್ಕರು."

ಭವತೋಷ ಅಂದೇ ಬರೆದ. ಅವನದೇ ವಾರಪತ್ರಿಕೆಯೊಂದಿತ್ತು, ಎಂಟು ಪುಟದ್ದು. ಆ ದಿನಗಳಲ್ಲಿ ಅಚ್ಚಿಗೆ ಮೊದಲು ಪ್ರತಿ ಪುಟವನ್ನೂ ಸರ್ಕಾರದ ಕಚೇರಿಗೆ ಕೊಟ್ಟು ಮೊಹರು ಹಾಕಿಸಬೇಕು. ಮೊಹರಿನ ಬದಲು ಕೆಂಪು ಶಾಯಿಯ ಅಡ್ಡಗೆರೆ ಬಂತು. ಆ ಜಾಗವನ್ನು ಖಾಲಿ ಬಿಟ್ಟು ಅಚ್ಚು ಹಾಕಿಸಿದ. ಖಾಲಿ ಬಿಟ್ಟದ್ದಕ್ಕೇ ಪತ್ರಿಕೆಗೆ ಬೀಗ ಬಿತ್ತು. ಆಮೇಲೆ ಅದನ್ನೇ ಕಥೆ ಮಾಡಿ ದೊಡ್ಡ ಪತ್ರಿಕೆಯೊಂದರ ದುರ್ಗಾಪೂಜೆಯ ವಿಶೇಷ ಸಂಚಿಕೆಗೆ ಕೊಟ್ಟ. ಸಂಪಾದಕರು, ಇವನ ಜೊತೆ ಒಂದೇ ಜೈಲಿನಲ್ಲಿ ಒಂದೇ ಕಂಬಳಿ ಹೊದ್ದವರು, ಕಥೆ ಹಾಕಿದರು, ಹೆಸರುಗಳನ್ನು ತೆಗೆದರು. ಗಿರಣಿ ಹೋಗಿ ತೋಟವಾಯಿತು, ವ್ಯಾನು ಹೋಗಿ ಹುಲಿಯಾಯಿತು.

ಆ ಸಂಚಿಕೆ ಬಂದ ದಿನ ಅವನು ಮಸಿಕುಡಿಕೆಯನ್ನು ಗೋಡೆಗೆ ಎಸೆದ.

"ಹುಲಿಯಂತೆ! ಹುಲಿಗೆ ಯಾವ ಮಂತ್ರಿ ಸಂಬಳ ಕೊಡ್ತಾನೆ? ಏಳು ಜನ, ಬೌದಿ! ಏಳು ಹೆಸರು ಹಿಡಿಸುವಷ್ಟು ಜಾಗ ಈ ದೇಶದ ಒಂದು ಕಾಗದದಲ್ಲೂ ಇಲ್ಲ. ಸೋಪಿನ ಜಾಹೀರಾತಿಗೆ ಅರ್ಧ ಪುಟ ಇದೆ!"

ಬೌದಿ ಎಂದರೆ ಅಣ್ಣನ ಹೆಂಡತಿ, ಅತ್ತಿಗೆ. ಅವನು ಹಾಗೆ ಕೂಗಿದರೆ ಬೀದಿಗೆಲ್ಲ ಕೇಳಿಸುತ್ತಿತ್ತು. ಗೋಡೆಯ ಮೇಲಿನ ಆ ಮಸಿಯನ್ನು ಆಲೋಮಣಿ ಎರಡು ದಿನ ಉಜ್ಜಿದಳು. ಹೋಗಲಿಲ್ಲ.

ಆಮೇಲಿನ ಗುರುವಾರ. ಹೊಸ್ತಿಲಿನಿಂದ ದೇವರ ತನಕ ಅಕ್ಕಿಹಿಟ್ಟಿನ ನೀರಿನಲ್ಲಿ ತಾಯಿಯ ಪುಟ್ಟ ಹೆಜ್ಜೆಗಳನ್ನು ಬರೆದು, ಕಲಶ ಇಟ್ಟು ಪದ್ಯಕ್ಕೆ ಕೂತಿದ್ದೆ. ಬೀದಿಯ ನಾಲ್ಕು ಹೆಂಗಸರಿದ್ದರು. ಆಲೋಮಣಿ ಬಾಗಿಲಾಚೆ. ಪದ್ಯದಲ್ಲಿ ಒಬ್ಬ ವರ್ತಕ ಬರುತ್ತಾನೆ. ದೇವಿಯನ್ನು ಹೀಯಾಳಿಸಿ, ಏಳು ದೋಣಿ ಮುಳುಗಿ, ಎಲ್ಲ ಕಳೆದುಕೊಳ್ಳುವವನು. ಮುಗಿದ ಮೇಲೆ ಹೆಂಗಸರೆಲ್ಲ ಪ್ರಸಾದ ತಗೊಂಡು ಹೋದರು. ಆಲೋಮಣಿ ಏಳಲಿಲ್ಲ.

"ಬೌದಿ, ಆ ವರ್ತಕ ಸತ್ತು ಎಷ್ಟು ಕಾಲ ಆಯ್ತು?"

"ಯಾರಿಗೆ ಗೊತ್ತೇ! ಸಾವಿರ ವರ್ಷ ಇರಬಹುದು."

"ನಿಜವಾಗ್ಲೂ ಇದ್ನಾ?"

"ಪದ್ಯದಲ್ಲಿದಾನಲ್ಲ."

"ಹೌದು ನೋಡಿ," ಎಂದಳು ಅವಳು. ದನಿಯಲ್ಲಿ ಅಳು ಇರಲಿಲ್ಲ, ಬೇರೇನೋ ಇತ್ತು. "ಇದ್ನೋ ಇಲ್ವೋ, ಅವನ ಹೆಸರು ವಾರವಾರ ಮನೆಮನೆಯಲ್ಲೂ ಹೇಳ್ತಾರೆ. ದಾರೋಗಾನ ಮನೆಯಲ್ಲೂ ಹೇಳ್ತಾರೆ. ಯಾರೂ ಗುರುತು ಕೇಳಲ್ಲ. ನಮ್ಮನೆಯವನು ಹೋದ ಬುಧವಾರದ ತನಕ ಇಲ್ಲೇ ಬಾವಿಕಟ್ಟೆಯಲ್ಲಿ ಕೂತು ಮಂಡಕ್ಕಿ ತಿಂತಿದ್ದ ಅನ್ನೋ ಹಂಗಿದೆ ನಂಗೆ."

ನಡುವಿನ ಬಾಗಿಲು ತೆರೆಯಿತು. ಗುರುವಾರ ಅದು ತೆರೆದದ್ದು ಅದೇ ಮೊದಲು. ಭವತೋಷ ನಿಂತಿದ್ದ.

"ಬೌದಿ, ನಿನ್ನ ಪದ್ಯದಲ್ಲಿ ಸಾಲಿಗೆ ಎಷ್ಟು ಅಕ್ಷರ?"

ನನಗೆ ನಗುವೂ ಬಂತು, ಮೈಯೂ ಉರಿಯಿತು. "ಯಾಕೆ? ಐದನೇ ಕಾದಂಬರಿಯಲ್ಲಿ ಬೇಕಾಯ್ತಾ? ಅಥವಾ ಆ ದಪ್ಪ ಹೆಂಗಸು ಇನ್ನೂ ಸಾಲಲಿಲ್ವಾ?"

"ಹನ್ನೆರಡನೇದು," ಎಂದ ಅವನು, ಅದಕ್ಕೂ ತಿದ್ದುಪಡಿ! "ಎಷ್ಟು ಅಕ್ಷರ ಹೇಳು."

"ಹದಿನಾಲ್ಕು. ಎಂಟಕ್ಕೆ ಉಸಿರು, ಆಮೇಲೆ ಆರು."

ಸರ್ಕಾರದ ಕಚೇರಿಯಲ್ಲಿ ಪಂಚಾಂಗ, ವ್ರತದ ಪದ್ಯ, ಇವನ್ನು ಯಾರೂ ಓದುವುದಿಲ್ಲ. ದೇವರ ಪುಸ್ತಕವೆಂದು ಕೇಳಿದರೆ ಮೇಲಿನ ಪುಟಕ್ಕೇ ಮೊಹರು ಒತ್ತಿ ಕಳಿಸುತ್ತಾರೆ. ಅವನಿಗೆ ಅದು ಗೊತ್ತಿತ್ತು. ನನಗೆ ಅವನ ಕಣ್ಣಿನಲ್ಲೇ ಅರ್ಥವಾಯಿತು. ನನ್ನ ದೇವರನ್ನು ಇವನು ಕಳ್ಳದಾರಿಯಾಗಿ ಬಳಸುತ್ತಾನೆ ಎಂದು ಮೊದಲು ಸಿಟ್ಟೇ ಬಂತು. ಆದರೆ ಆಲೋಮಣಿ ನನ್ನನ್ನು ನೋಡುತ್ತಿದ್ದಳು.

ಮೂರು ದಿನ ಬಿಟ್ಟು ಅವನು ಬರೆದು ತಂದದ್ದನ್ನು ನಾನು ಗಟ್ಟಿಯಾಗಿ ಓದಿದೆ. ಮೊದಲ ಸಾಲಲ್ಲೇ ಬಂಡವಾಳಶಾಹಿ ಇತ್ತು. ಎರಡನೆಯದರಲ್ಲಿ ರಕ್ತಪಿಪಾಸು ಪ್ರಭುತ್ವ.

"ಇದು ಭಾಷಣ ಕಣೋ. ಸ್ನಾನ ಮಾಡಿ ಒದ್ದೆ ಕೂದಲಲ್ಲಿ ದೀಪದ ಮುಂದೆ ಕೂತ ಯಾವ ಹೆಂಗಸು ಬಂಡವಾಳಶಾಹಿ ಅಂತಾಳೆ? ನಾಲಿಗೆ ಉಳುಕುತ್ತೆ."

"ಸತ್ಯ ಅದೇ!"

"ಇರಬಹುದು. ಅಕ್ಷರ ಹದಿನೇಳಿದೆ."

ಕಾಗದ ಹರಿದು ಎಸೆದ. ಮತ್ತೆ ಬರೆದ. ನಾನು ಓದಿ ಮತ್ತೆ ಅವನ ಕಡೆಗೇ ಎಸೆದೆ. ಹೀಗೆ ಎಷ್ಟು ಸಲವೋ. ಹನ್ನೊಂದು ಕಾದಂಬರಿ ಬರೆದವನು ನೆಲದ ಮೇಲೆ ಕೂತು ಬೆರಳು ಮಡಚಿ ಅಕ್ಷರ ಎಣಿಸುವುದನ್ನು ನೋಡುವುದರಲ್ಲಿ ನನಗೆ ಸುಖವಿತ್ತು. ಸುಳ್ಳು ಯಾಕೆ ಹೇಳಲಿ! ಮೊದಲು ವಂದನೆ ಬರಬೇಕು, ಆಮೇಲೆ ಹುಣ್ಣಿಮೆ, ಆಮೇಲೆ ದೇವಿಗೆ ಒಂದು ಪ್ರಶ್ನೆ ಹುಟ್ಟಬೇಕು ಎಂದು ಹೇಳಿಕೊಟ್ಟೆ. ಏಳು ಮನೆಯಲ್ಲಿ ಯಾಕೆ ಒಲೆ ಉರಿಯುತ್ತಿಲ್ಲ ಎಂದು ತಾಯಿ ಕೇಳಲಿ, ತಾನೇ ನಡೆದು ಹೋಗಿ ನೋಡಲಿ ಎಂದೆ. ಆಗ ಅವನ ಕೈ ಹತ್ತಿತು.

ಮೊದಲ ಮನೆಯ ಮುಂದೆ ನಿಂದಳು ಶ್ರೀದೇವಿ,
ಒಲೆಯಲ್ಲಿ ಬೆಂಕಿಯಿಲ್ಲ, ಬತ್ತಿಹುದು ಬಾವಿ.
ನಿತಾಯಿಯ ಮನೆಯಿದು, ನಿತಾಯಿ ಎಲ್ಲಮ್ಮಾ?
ಕರಿಯ ಬಂಡಿಯು ಬಂದು ಕರೆದೊಯ್ದಿತಮ್ಮಾ.

ಇದನ್ನು ಓದಿದಾಗ ನಾನು ಏನೂ ಎಸೆಯಲಿಲ್ಲ.

ಐದು ಮನೆ ಸಲೀಸಾಗಿ ಆಯಿತು. ಆರನೆಯವನು ಇದ್ರಿಸ್, ಗಿರಣಿಯಲ್ಲಿ ಮಗ್ಗದ ಕೆಲಸದವನು. ಅಲ್ಲಿ ನಾನು ನಿಂತೆ. ಲಕ್ಷ್ಮಿಯ ಪದ್ಯದಲ್ಲಿ ಇದ್ರಿಸ್ ಹೇಗೆ ಬರುತ್ತಾನೆ?

ಭವತೋಷ ಎದ್ದು ನಿಂತ. "ಬಂತು! ನಿನ್ನ ಮಡಿ ಬಂತು! ಗುಂಡು ಹೊಡೆಯುವಾಗ ಅವರು ಜಾತಿ ಕೇಳಲಿಲ್ಲ. ನೀನು ಕೇಳ್ತಿದೀಯ. ಆ ಕಾದಂಬರಿಯಲ್ಲಿ ನಾನು ಒಂದು ಸಾಲೂ ಸುಳ್ಳು ಬರೆದಿಲ್ಲ ನೋಡು."

ಎಷ್ಟೋ ವರ್ಷ ನುಂಗಿದ್ದೆಲ್ಲ ಒಟ್ಟಿಗೆ ಬಾಯಿಗೆ ಬಂತು. "ನೀನು ಬರೆದ ಹೆಂಗಸು ಕ್ಷಾಮದಲ್ಲಿ ಅನ್ನ ಹಾಕಲಿಲ್ಲ. ನಾನು ಹಾಕಿದ್ದೆ. ನನ್ನ ಪಾಲಿನದು ನಿನಗೆ ಹಾಕಿದ್ದೆ. ದಪ್ಪಗಾದದ್ದು ಆಮೇಲೆ. ಮೂರು ತಿಂಗಳು ಸುವರ್ಣಗೆಡ್ಡೆಯ ಎಲೆ ಬೇಯಿಸಿ ತಿಂದಿದೀನಿ, ಬಾಯೆಲ್ಲ ಹುಣ್ಣಾಗಿ ಪದ್ಯ ಹೇಳೋಕಾಗದೆ ಮನಸ್ಸಲ್ಲೇ ಹೇಳ್ಕೊಂಡಿದೀನಿ. ಅದು ಗೊತ್ತಾ ನಿಂಗೆ? ಪೇಪರಲ್ಲಿ ಬರಲಿಲ್ಲ, ಅಲ್ವಾ? ಹಾಗಾದ್ರೆ ಆಗೇ ಇಲ್ಲ!"

ಅವನು ಮತ್ತೆ ನೆಲದ ಮೇಲೆ ಕೂತ. ನಾನು ಬಿಡಲಿಲ್ಲ. "ನನ್ನ ದೇವರು ಎಲ್ಲಿ ಬೇಕಾದ್ರೂ ಹೋಗ್ತಾಳೆ. ಓದೋ ಹೆಂಗಸರು ಅಲ್ಲಿ ನಿಂತುಬಿಟ್ರೆ ಏಳನೇ ಮನೆ ತಲುಪೋದು ಯಾರು? ಅದಕ್ಕೆ ಯೋಚನೆ ಮಾಡ್ತಿದ್ದೆ. ಕೊಡು ಇಲ್ಲಿ."

ಅವನ ಕೈಯಿಂದ ಪೆನ್ನು ಕಿತ್ತುಕೊಂಡೆ. ನಿಜ ಹೇಳಬೇಕೆಂದರೆ ಮಡಿಯೂ ಇತ್ತು. ನನ್ನ ತಂದೆಯ ದನಿ ಕಿವಿಯಲ್ಲಿತ್ತು. ಆದರೆ ಸಿಟ್ಟಿನ ಮುಂದೆ ಅದು ನಿಲ್ಲಲಿಲ್ಲ.

ಆರನೆಯ ಮನೆ ಮುಂದೆ, ಬಾಂಗಿನ ವೇಳೆಗೆ,
ಇದ್ರಿಸನ ಬರಿದಾದ ಕಂಡಳು ಗಡಿಗೆ.

ನಾನು ಬರೆದ ಮೊದಲ ಸಾಲುಗಳು ಅವು. ಅವನು ಓದಿದ, ಬೆರಳು ಮಡಚಿದ, ಏಳನೆಯದಕ್ಕೆ ಹೋದ.

ಅಚ್ಚಿಗೆ ಹುಡುಕಿದ್ದು ಕಲ್ಕತ್ತೆಯ ಹಳೆಯ ಓಣಿಯ ಪಾಂಚಕೋಡಿ ಸಾಂತ್ರಾನನ್ನು. ಪಂಚಾಂಗ, ಕನಸಿನ ಫಲ, ವ್ರತದ ಪದ್ಯ, ಇವೇ ಅವನ ಸರಕು. ಗುಲಾಬಿ ಕಾಗದದ ಹೊದಿಕೆ, ಮೇಲೆ ತನ್ನ ವಾಹನವಾದ ಗೂಬೆಯ ಜೊತೆ ಲಕ್ಷ್ಮಿ. ಅವನು ಇಡೀ ಪದ್ಯವನ್ನು ತುಟಿ ಅಲ್ಲಾಡಿಸುತ್ತ ಓದಿ, ಕನ್ನಡಕ ಹಣೆಗೆ ಏರಿಸಿದನಂತೆ.

"ಲಾಹಿರಿ ಮೊಶಾಯ್, ತಲೆ ಇಲ್ವಲ್ಲ ಇದಕ್ಕೆ."

"ಅಂದ್ರೆ?"

"ಅಂಕಿತ ಎಲ್ಲಿ? ಕೊನೆಯಲ್ಲಿ ಇಂಥವರು ಹೇಳಿದ್ದು ಅಂತ ಬೇಕಲ್ವಾ? ಅಂಕಿತ ಇಲ್ದಿದ್ರೆ ಓದಿದ ಫಲ ಯಾರ ಬಾಯಿಂದ ಬರಬೇಕು? ಹೆಂಗಸರು ಮೊದಲು ಕೊನೇ ಪುಟ ತಿರುಗಿಸಿ ನೋಡ್ತಾರೆ. ಹೆಸರಿಲ್ದಿದ್ರೆ ಮುಟ್ಟಲ್ಲ. ಮೀನು ತಗೊಳ್ಳೋವಾಗ ಕಿವಿರು ಎತ್ತಿ ನೋಡಲ್ವಾ, ಹಂಗೆ."

ಅವನು ಹೇಳಿದ್ದು ಸರಿ. ನಾನೂ ಕೊನೆಯ ಪುಟವನ್ನೇ ಮೊದಲು ನೋಡುವವಳು.

ಮನೆಗೆ ಬಂದು ಭವತೋಷ ಎರಡು ನಿಮಿಷದಲ್ಲಿ ಬರೆದ:

ಭವತೋಷ ಲಾಹಿರಿಯು ಬರೆದಿಟ್ಟ ಮಾತು,
ಸುಳ್ಳಾದರೆ ತೋರಿಸಲಿ ಎದುರಿಗೆ ಕೂತು.

"ಹುಚ್ಚಾ ನಿಂಗೆ?" ಎಂದೆ. "ನಿನ್ನ ಹೆಸರು ನೋಡಿದ ಗಳಿಗೆಗೆ ಅವರು ಮೊದಲ ಸಾಲಿಂದ ಓದ್ತಾರೆ. ಒಂದು ವಾರದಲ್ಲಿ ಎಲ್ಲ ಪ್ರತಿ ಸುಟ್ಟು ಬೂದಿ."

"ಮೂವತ್ತು ವರ್ಷ ನಾನು ಹೆಸರಿಲ್ಲದೆ ಒಂದಕ್ಷರ ಬರೆದಿಲ್ಲ, ಬೌದಿ. ಹೆಸರಿಲ್ಲದ ಆರೋಪ ಅಂದ್ರೆ ಚಾಡಿ. ಅವರು ಚಾಡಿಕೋರರನ್ನ ಸಾಕ್ಕೊಂಡಿದಾರೆ, ಗೊತ್ತಾ? ಬೀದಿಬೀದಿಗೆ ಹೆಸರಿಲ್ಲದ ಕಾಗದ ಬರೀತಾರೆ ಜನ, ಇವನು ಹಂಗಂದ, ಅವನು ಹಿಂಗಂದ ಅಂತ. ನಾನೂ ಹಾಗೆ ಬರೆದ್ರೆ ಅವರಿಗೂ ನನಗೂ ಏನು ವ್ಯತ್ಯಾಸ?"

"ಏಳು ಹೆಸರು ಉಳಿಯಬೇಕೋ, ನಿನ್ನದೋ?"

"ಎಂಟೂ!" ಎಂದು ಕೂಗಿದ.

"ನಿನ್ನ ಕಾದಂಬರಿಗಳ ಮೇಲೆಲ್ಲ ನಿನ್ನ ಹೆಸರಿದೆಯಲ್ಲೋ, ದೊಡ್ಡ ಅಕ್ಷರದಲ್ಲಿ! ಇದೊಂದನ್ನಾದ್ರೂ ಬಿಡು."

"ಬಿಡಲ್ಲ."

ಅವನ ಮಾತಿನಲ್ಲಿ ಧರ್ಮವಿತ್ತು. ಅದು ನನಗೆ ಆಗಲೂ ಗೊತ್ತಿತ್ತು. ಆದರೆ ಬಾಗಿಲಾಚೆ ಪಾತ್ರೆಯ ಸದ್ದು ನಿಂತಿತ್ತು, ಆಲೋಮಣಿ ಕೇಳುತ್ತಿದ್ದಳು. ಅವಳಿಗೆ ಬೇಕಾದದ್ದು ಒಂದೇ ಹೆಸರು, ಅದು ಲಾಹಿರಿ ಅಲ್ಲ.

ಅವನು ಹಸ್ತಪ್ರತಿ ಕೊಟ್ಟು ಬಂದ ಮರುದಿನ, ಕಾಳಿಯ ದರ್ಶನಕ್ಕೆಂದು ಹೇಳಿ ಆಲೋಮಣಿಯ ಜೊತೆ ರೈಲು ಹತ್ತಿದೆ. ಕಾಳಿಯ ಗುಡಿಯ ಕಡೆ ತಲೆ ಹಾಕಲಿಲ್ಲ. ಸಾಂತ್ರಾನ ಅಚ್ಚುಕೂಟದಲ್ಲಿ ಸೀಸದ ಮೊಳೆಗಳನ್ನು ಜೋಡಿಸಿ ಆಗಿತ್ತು. ಕೊನೆಯ ಎರಡು ಸಾಲು ಬದಲಾಯಿಸಬೇಕು ಎಂದೆ.

"ಲಾಹಿರಿ ಮೊಶಾಯ್ ಹೇಳಿದ್ರಾ?"

"ಅವನ ಅತ್ತಿಗೆ ಹೇಳ್ತಿದೀನಿ. ತಾಯಿ ಸಮ. ಸಾಲದಾ?"

ಅವನು ನನ್ನ ಬಿಳಿ ಸೀರೆ ನೋಡಿದ, ಆಲೋಮಣಿಯ ಬಳೆ ನೋಡಿದ. ಚಿಮಟ ಕೈಗೆ ತಗೊಂಡು, "ಹೇಳಿ ಅಮ್ಮ," ಎಂದ. ರೈಲಿನಲ್ಲಿ ಕಟ್ಟಿಕೊಂಡು ಬಂದಿದ್ದೆ:

ದೀನೆ ನಿಭಾನನಿ ನುಡಿ ಕೇಳಿರೆ ತಾಯ್ಗಳೆ,
ಮರೆಯದೆ ಹೇಳಿದರೆ ಆರದು ನಿಮ್ಮೊಲೆ.

ನಿಭಾನನಿ ನನ್ನ ಹೆಸರು. ಮದುವೆಯಾದ ಮೇಲೆ ಯಾರೂ ಕರೆದಿರಲಿಲ್ಲ.

ಗುಲಾಬಿ ಪುಸ್ತಕ ಕೈಗೆ ಬಂದ ದಿನ ಭವತೋಷ ಕೊನೆಯ ಪುಟ ತೆರೆದ. ಕೂಗಲಿಲ್ಲ. ಕೂಗಿದ್ದರೆ ತಡೆದುಕೊಳ್ಳುತ್ತಿದ್ದೆ. "ಸೆನ್ಸಾರಿನವನು ಹೆಸರು ಹೊಡೆದ. ಸಂಪಾದಕ ಹೆಸರು ಹೊಡೆದ. ಮೂರನೆಯವಳು ನೀನು," ಎಂದು ಪುಸ್ತಕವನ್ನು ನನ್ನ ಮಡಿಲಿಗೆ ಹಾಕಿ ಒಳಗೆ ಹೋದ. ಐದು ವಾರ ನನ್ನ ಜೊತೆ ಮಾತಾಡಲಿಲ್ಲ. ಊಟಕ್ಕೆ ಬಡಿಸಿದರೆ ತಟ್ಟೆಯನ್ನು ನೋಡಿಕೊಂಡು ತಿನ್ನುತ್ತಿದ್ದ. ಉಪ್ಪು ಬೇಕಾದರೆ ಆಲೋಮಣಿಗೆ ಹೇಳುತ್ತಿದ್ದ. "ನಿಮ್ಮ ಬೌದಿಮಣಿಗೆ ಹೇಳು, ಬೇಳೆ ಸಪ್ಪೆ."

"ನಿಮ್ಮ ದಾದಾಬಾಬುಗೆ ಹೇಳು, ಅಂಕಿತ ಬೇಕಾದ್ರೆ ಬೇಳೆಗೆ ಹಾಕ್ಕೊಳ್ಳಲಿ," ಎನ್ನುತ್ತಿದ್ದೆ ನಾನು.

ಆ ಐದು ವಾರಗಳಲ್ಲಿ ಪದ್ಯ ತನ್ನ ಪಾಡಿಗೆ ನಡೆದು ಹೋಯಿತು. ರೈಲಿನಲ್ಲಿ ಬಾಚಣಿಗೆ, ಕುಂಕುಮ ಮಾರುವವರು ಅದನ್ನು ರಾಗವಾಗಿ ಹಾಡಿ ಮಾರಿದರು. ಹೊಳೆಯಾಚೆಯ ದಡದಲ್ಲಿ ಹಾಡಿದರು. ಮೊಹರು ಸರಿಯಾಗಿಯೇ ಇತ್ತು. ನಮ್ಮ ಬೀದಿಯ ಹೆಂಗಸರು ಮೊದಲ ಗುರುವಾರ ಐದನೆಯ ಮನೆಯ ಹೊತ್ತಿಗೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆರನೆಯ ಮನೆಯ ಹತ್ತಿರ ನಾನು ಅವರ ಬಾಯನ್ನೇ ನೋಡುತ್ತಿದ್ದೆ. ಯಾರೂ ನಿಲ್ಲಲಿಲ್ಲ. ಮುದುಕಿ ಒಬ್ಬಳು ಮಾತ್ರ, "ಅವನ ಹೆಂಡ್ತಿ ನಮ್ಮ ಬಾವೀಲೇ ನೀರು ಸೇದ್ತಾಳೆ ಪಾಪ," ಎಂದು ಸೆರಗಿನಿಂದ ಮೂಗು ಒರೆಸಿಕೊಂಡಳು. ಗಂಡಸರು ಹೊರಗೆ ಜಗಲಿಯಲ್ಲಿ ಬೀಡಿ ಸೇದುತ್ತ ಕೂತಿದ್ದರು. ಹೆಂಗಸರು ದೇವರ ಮುಂದೆ ಏನು ಹೇಳುತ್ತಾರೆಂದು ಗಂಡಸರು ಯಾವ ಕಾಲಕ್ಕೂ ಕೇಳಿಸಿಕೊಂಡವರಲ್ಲ.

ಒಬ್ಬ ಕೇಳಿಸಿಕೊಂಡ.

ಆರನೆಯ ಗುರುವಾರ ದೀಪ ಹಚ್ಚುತ್ತಿದ್ದೆ. ಪಕ್ಕದ ಮನೆಯಲ್ಲಿ ಚಪಲಾ ಆಗಲೇ ಶುರು ಮಾಡಿದ್ದಳು. ಅವಳ ದನಿ ಎಳೆಯದು, ಗೋಡೆ ದಾಟಿ ಸ್ಪಷ್ಟವಾಗಿ ಬರುತ್ತಿತ್ತು. ಗುಲಾಬಿ ಪುಸ್ತಕ ಅವಳ ಕೈಗೂ ಬಂದಿತ್ತೆಂದು ನನಗೆ ಗೊತ್ತಾದದ್ದೇ ಆಗ. ಮೊದಲ ಮನೆ, ನಿತಾಯಿ. ನಮ್ಮ ಅಂಗಳದಲ್ಲಿ ಆಲೋಮಣಿ ಕೈಯಲ್ಲಿದ್ದ ಪಾತ್ರೆಯನ್ನು ಹಾಗೇ ಹಿಡಿದು ನಿಂತಳು. ದಾರೋಗಾನ ಮನೆಯಲ್ಲಿ, ದಾರೋಗಾನ ಹೆಂಡತಿಯ ಬಾಯಲ್ಲಿ, ಧೂಪದ ವಾಸನೆಯ ನಡುವೆ ಅವಳ ಗಂಡನ ಹೆಸರು. ಎರಡು, ಮೂರು, ನಾಲ್ಕು. ಐದನೆಯ ಮನೆಯಲ್ಲಿ ಆ ದನಿ ಥಟ್ಟನೆ ನಿಂತಿತು. ಗಂಡಸಿನ ದನಿ ಕೇಳಿತು. ಏನೋ ಬಿದ್ದ ಸದ್ದು, ಹಿತ್ತಾಳೆಯದು.

ಆ ಹೆಸರುಗಳನ್ನು ಅದೇ ಸಾಲಿನಲ್ಲಿ ಕಾಗದದ ಮೇಲೆ ಬರೆದು ರುಜು ಹಾಕಿದವನು ಅವನು. ಊರಿನಲ್ಲಿ ಅವನಿಗಿಂತ ಬೇಗ ಅವನ್ನು ಗುರುತಿಸುವವರು ಯಾರಿದ್ದಾರೆ?

"ಓದೋಣ," ಎಂದೆ ನಮ್ಮ ಹೆಂಗಸರಿಗೆ. ಬೇರೇನು ಮಾಡಬೇಕೋ ತೋಚಲಿಲ್ಲ. ನಾವು ನಾಲ್ಕನೆಯ ಮನೆಗೆ ಬಂದಾಗ ಬೀದಿಯಲ್ಲಿ ವ್ಯಾನು ನಿಂತಿತು.

ಮೃಗಾಂಕ ಹಾಟಿ ಬೂಟು ಹಾಕಿಕೊಂಡೇ ಒಳಗೆ ಬಂದ. ಹೊಸ್ತಿಲಿನಿಂದ ದೇವರ ತನಕ ಬರೆದಿದ್ದ ತಾಯಿಯ ಹೆಜ್ಜೆಗಳ ಮೇಲೆ ಅವನ ಹೆಜ್ಜೆ ಒಂದೊಂದಾಗಿ ಬಿತ್ತು. ಹಸಿ ಹಿಟ್ಟು ಬೂಟಿಗೆ ಮೆತ್ತಿಕೊಂಡಿತು. ಇಂದಿಗೂ ಅದನ್ನು ನೆನೆದರೆ ನನ್ನ ನೆತ್ತಿ ಕಾಯುತ್ತದೆ.

"ಬರೆದವರು ಯಾರು?" ಗುಲಾಬಿ ಪುಸ್ತಕ ಅವನ ಕೈಯಲ್ಲಿ ಮುದ್ದೆಯಾಗಿತ್ತು.

ನಡುವಿನ ಬಾಗಿಲು ತೆರೆಯಿತು. "ನಾನು," ಎಂದ ಭವತೋಷ.

"ನಾನು," ಎಂದೆ. "ಕೊನೇ ಪುಟ ನೋಡಪ್ಪ. ಓದೋಕೆ ಬರುತ್ತಲ್ಲ?"

"ಬೌದಿ, ಸುಮ್ನಿರು. ದಾರೋಗಾ ಬಾಬು, ಅವಳು ಅಂಕಿತ ಬದಲಾಯಿಸಿದಾಳೆ. ಪದ್ಯ ನನ್ನದು. ಹಸ್ತಪ್ರತಿ ತೋರಿಸ್ತೀನಿ."

"ಅವನಿಗೆ ಹದಿನಾಲ್ಕು ಎಣಿಸೋಕೆ ಬರಲ್ಲ! ನಾನು ಕಲಿಸಿದ್ದು!"

"ಕಲಿಸಿದ್ರೆ ಬರೆದ ಹಾಗಾಯ್ತಾ? ಐದು ವಾರದಿಂದ ನನ್ನ ಹೆಸರು ನುಂಗಿ ಕೂತಿದೀಯ!"

ಐದು ವಾರದ ಮೇಲೆ ಅವನು ನನ್ನ ಜೊತೆ ನೇರವಾಗಿ ಮಾತಾಡಿದ್ದು ಆಗಲೇ. ಹೊರಗೆ ವ್ಯಾನು ಗುರುಗುಟ್ಟುತ್ತಿತ್ತು. ನಾವಿಬ್ಬರೂ ಬಾಗಿಲಲ್ಲಿ ನಿಂತು ಆಸ್ತಿಗೆ ಹೊಡೆದಾಡುವವರಂತೆ ಹೊಡೆದಾಡುತ್ತಿದ್ದೆವು. ಪೇದೆಯೊಬ್ಬ ನಗು ತಡೆಯಲಾಗದೆ ಆಚೆ ತಿರುಗಿದ.

"ಸಾಕು!" ಎಂದ ದಾರೋಗಾ. "ಬರೆದವರಿಗೆ ಬಾಯಿಗೆ ಬರಬೇಕಲ್ಲ. ಹೇಳಿ ನೋಡೋಣ, ಲಾಹಿರಿ ಬಾಬು."

ಭವತೋಷ ಶುರು ಮಾಡಿದ. ಎರಡನೆಯ ಮನೆ ದಾಟಿದ. ಮೂರನೆಯದರಲ್ಲಿ ಒಂದು ಸಾಲು ಹಾರಿತು, ಹಿಂದಕ್ಕೆ ಬಂದ, ಮತ್ತೆ ಎಡವಿದ. ಬರೆದು ಬದುಕಿದವನು, ಹಾಡಿಕೊಂಡು ಬೆಳೆದವನಲ್ಲ. ನಾನು ಮೂರನೆಯ ಮನೆಯಿಂದಲೇ ಎತ್ತಿಕೊಂಡೆ. ಏಳನೆಯ ಮನೆಯ ತನಕ ನಿಲ್ಲಲಿಲ್ಲ. ಹೆಂಗಸರು ಒಬ್ಬೊಬ್ಬರಾಗಿ ದನಿ ಕೂಡಿಸಿದರು. ದಾರೋಗಾನ ಮುಖಕ್ಕೆ ನೆಟ್ಟಗೆ ನೋಡಿಕೊಂಡು ಏಳೂ ಹೆಸರು ಹೇಳಿದೆವು.

ಅವನು ಮುಗಿಯುವ ತನಕ ಕಾದ. ಆಮೇಲೆ ಪುಸ್ತಕವನ್ನು ಜೇಬಿಗೆ ತುರುಕಿ ಹೇಳಿದ: "ಮಾಶಿಮಾ, ಹಾಡೋರನ್ನ ಹಿಡಿಯೋಕೆ ಹೋದ್ರೆ ನನ್ನ ಮನೆಯಿಂದ ಶುರು ಮಾಡಬೇಕಾಗುತ್ತೆ. ನಂಗೆ ಇವನೊಬ್ಬ ಸಾಕು."

"ಯಾವ ಕಾಗದದ ಮೇಲೆ?"

"ಈಗ ಕಾಗದ ಯಾರು ಕೇಳ್ತಾರೆ?"

ಭವತೋಷ ಜುಬ್ಬಾ ಹಾಕಿಕೊಂಡ. ಬೀಡಿಯ ಕಟ್ಟು ತಗೊಂಡ. ಕನ್ನಡಕ ಒರೆಸಿದ. ಬಾಗಿಲಲ್ಲಿ ನನ್ನ ಕಡೆ ತಿರುಗಿದ. "ಆರನೇ ಮನೆ ನಿಂದು. ಅದು ಚೆನ್ನಾಗಿದೆ. ಉಳಿದ ಆರೂ ನಂದು. ಅಂಕಿತ ಕದ್ದಿದ್ದನ್ನ ಮಾತ್ರ ಮರೆಯಲ್ಲ, ನೆನಪಿಟ್ಕೋ."

"ಬಂದು ಜಗಳ ಆಡು," ಎಂದೆ. "ಬರದೆ ಇದ್ರೆ ನೋಡು."

ವ್ಯಾನು ಹೋಯಿತು. ಅದೇ ಕರಿ ವ್ಯಾನು. ಬೀದಿಯ ಗಂಡಸರು ಜಗಲಿಗಳಿಂದ ಒಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದರು. ನಾನು ಹೆಂಗಸರಿಗೆ ಮನೆಗೆ ಹೋಗಿ ಎಂದೆ, ಯಾರೂ ಏಳಲಿಲ್ಲ.

ಆಲೋಮಣಿ ಹೊಸ್ತಿಲು ದಾಟಿ ಒಳಗೆ ಬಂದಳು. ಅಷ್ಟು ವರ್ಷದಲ್ಲಿ ದೇವರ ಕೋಣೆಗೆ ಬಂದವಳಲ್ಲ, ನಾನು ಕರೆದವಳೂ ಅಲ್ಲ. ತುಳಿದ ಹೆಜ್ಜೆಗಳ ಪಕ್ಕದಲ್ಲಿ ಕೂತಳು.

"ಬೌದಿ, ಪದ್ಯ ಅರ್ಧಕ್ಕೆ ಬಿಡಬಾರದು ಅಂತ ನೀವೇ ಹೇಳ್ತಿದ್ರಿ. ದೀಪದ ಮುಂದೆ ನಾಲ್ಕನೇ ಮನೆಗೇ ನಿಂತಿದೆ. ಆಮೇಲೆ ಹೇಳಿದ್ದು ದಾರೋಗಾನ ಮುಂದೆ. ಅದು ಲೆಕ್ಕಕ್ಕಿಲ್ಲ."

ಕೂತೆ. ದೀಪದ ಬತ್ತಿ ಸರಿಮಾಡಿದೆ. ನಾಲ್ಕು, ಐದು, ಆರು, ಏಳು. ಏಳು ಮುಗಿದ ಮೇಲೆ ಅಂಕಿತಕ್ಕೆ ಬರಬೇಕು. ನನ್ನ ಬಾಯಿ ಅಲ್ಲಿಗೆ ಹೋಗಲಿಲ್ಲ. ಬೆರಳು ಮಡಚಲಿಲ್ಲ, ಎಣಿಸಲಿಲ್ಲ. ಅದು ತಾನೇ ಹದಿನಾಲ್ಕಾಗಿ ಬಂತು:

ಎಂಟನೆಯ ಮನೆಯಿದು ನನ್ನದೇ ತಾಯಮ್ಮಾ,
ಭವತೋಷ ಎಂಬವನ ಕರೆದೊಯ್ದರಮ್ಮಾ.

ಆಮೇಲೆ ಅಂಕಿತ ಹೇಳಿದೆ. ಆಲೋಮಣಿ ಶಂಖ ತಗೊಂಡು ಊದಿದಳು, ಕತ್ತಿನ ನರ ಉಬ್ಬುವ ತನಕ. ಎಲ್ಲರೂ ನೆಲಕ್ಕೆ ಹಣೆ ಹಚ್ಚಿದರು. ನಾನು ಹಚ್ಚಲಿಲ್ಲ. ಏಳು ಮನೆ ನೋಡಿ ಬಂದು, ಎಂಟನೆಯದಕ್ಕೂ ಬೂಟು ಬರಗೊಟ್ಟು, ಸುಮ್ಮನೆ ಗೂಬೆಯ ಮೇಲೆ ಕೂತವಳನ್ನು ಆ ದಿನ ಬರಿದೇ ನೋಡಿದೆ.

ಪಕ್ಕದ ಮನೆಯ ಕಿಟಕಿ ಕಿರ್ರೆಂದಿತು. ಚಪಲಾಳ ದನಿ, ಪಿಸುಮಾತಿಗಿಂತ ಒಂದಿಷ್ಟು ಜೋರು.

"ಮಾಶಿಮಾ... ಅವರು ಪುಸ್ತಕ ತಗೊಂಡು ಹೋದ್ರು. ಎಂಟನೇ ಮನೆದು ಇನ್ನೊಂದ್ಸಲ ಹೇಳ್ತೀರಾ? ಬರ್ಕೊಳ್ತೀನಿ."

ನಾನು ಎದ್ದು ಕಿಟಕಿಗೆ ಹೋದೆ. ಅವಳ ಒಂದು ಕೆನ್ನೆ ಊದಿತ್ತು. ಕೈಯಲ್ಲಿ ಪೆನ್ಸಿಲು, ಅಂಗಡಿಯ ಪೊಟ್ಟಣದ ಕಾಗದ.

"ಮೊದಲನೇ ಮನೆಯಿಂದ ಹೇಳ್ತೀನಿ, ಎಲ್ಲಾ ಬರ್ಕೋ," ಎಂದೆ. "ಅಕ್ಷರ ಬಿಡಬೇಡ. ರಾತ್ರಿ ಅವನು ಊಟಕ್ಕೆ ಕೂತಾಗ ಎದುರು ಕೂತು ಓದು."